9/11 ದಿನ ನ್ಯೂಯಾರ್ಕ್‌ನ ಫೋನ್‌ಗಳನ್ನು ಸರ್ಕಾರವೇ ಬಂದ್ ಮಾಡಿಸಿತ್ತಾ?

ನೀವು ಕೇಳಿರುವುದು ಇಷ್ಟು: 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಫೋನ್ ಸಿಗಲೇ ಇಲ್ಲವಂತೆ. ಸರ್ಕಾರ ಬೇಕಂತಲೇ ನಿಲ್ಲಿಸಿತ್ತಾ? ಇಂಟರ್ನೆಟ್ ಮಾತ್ರ ಹೇಗೆ ನಡೆಯಿತು? ಇವತ್ತು ಹಾಗೆ ಆದರೆ ಏನು ಮಾಡಬೇಕು?

ನಾನು ಟೆಲಿಕಾಂನಲ್ಲಿ ಕೆಲಸ ಮಾಡಿದವನು, ಗೊತ್ತಿರುವಷ್ಟು ಹೇಳುತ್ತೇನೆ.

ಸರ್ಕಾರ ನಿಲ್ಲಿಸಿರಲಿಲ್ಲ. ನಮ್ಮಲ್ಲಿ ಗಲಾಟೆ ಆದರೆ ಸಾಕು, ಇಂಟರ್ನೆಟ್ ಬಂದ್. ಹಾಗಾಗಿ ನಿಮ್ಮ ಅನುಮಾನ ಸಹಜವೇ. ಆದರೆ ಅಲ್ಲಿ ಆಗಿದ್ದು ಬೇರೆ. ಯಾವ ಕಂಪನಿಯೂ ಊರಿನ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ ಅಂತ ಲೆಕ್ಕ ಹಾಕಿ ಟವರ್ ಕಟ್ಟುವುದಿಲ್ಲ. ಮಾಮೂಲಿ ದಿನದ ರಶ್ ಅವರ್ ತಡೆದರೆ ಆಯಿತು. ಅವತ್ತು ಬೆಳಗ್ಗೆ 8:46ಕ್ಕೆ ಉಗ್ರರು ಅಪಹರಿಸಿದ್ದ ಮೊದಲ ವಿಮಾನ ವರ್ಲ್ಡ್ ಟ್ರೇಡ್ ಸೆಂಟರ್‌ನ ಉತ್ತರ ಗೋಪುರಕ್ಕೆ ಬಡಿಯಿತು, 9:03ಕ್ಕೆ ಎರಡನೆಯದು ದಕ್ಷಿಣ ಗೋಪುರಕ್ಕೆ. ಅಷ್ಟೇ, ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ, ಎಲ್ಲರೂ ಒಂದೇ ಸಮನೆ ಕರೆ ಮಾಡಿದರು. ಸಿಗದಿದ್ದಾಗ ಮತ್ತೆ ಮತ್ತೆ ಒತ್ತಿದರು. ಸಿಗದ ಕರೆಯೂ ನೆಟ್‌ವರ್ಕಿನ ಮೇಲೆ ಹೊರೆಯೇ, ಅದಕ್ಕೇ ಪರಿಸ್ಥಿತಿ ಇನ್ನೂ ಕೆಟ್ಟಿತು. ಇಲ್ಲಿಂದ ಅಮೆರಿಕಕ್ಕೆ ಫೋನ್ ಹಚ್ಚಿದವರದೂ ಅದೇ ಪಾಡು.

ಫೋನ್ ಲೈನುಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಸಂಜೆ. ವರ್ಲ್ಡ್ ಟ್ರೇಡ್ ಸೆಂಟರ್‌ನ 7ನೇ ಕಟ್ಟಡ ಸಂಜೆ 5:20ಕ್ಕೆ ಕುಸಿದಾಗ, ಪಕ್ಕದ 140 ವೆಸ್ಟ್ ಸ್ಟ್ರೀಟ್‌ನಲ್ಲಿದ್ದ ವೆರೈಝನ್ ಫೋನ್ ಕಂಪನಿಯ ದೊಡ್ಡ ಎಕ್ಸ್‌ಚೇಂಜಿಗೆ ಅದರ ಉಕ್ಕಿನ ತೊಲೆಗಳು ನುಗ್ಗಿದವು. ಒಡೆದ ನೀರಿನ ಪೈಪುಗಳಿಂದ ನೆಲದಡಿಯ ಕೇಬಲ್ ಕೋಣೆಗೆ ನೀರು ತುಂಬಿತು. ಲಕ್ಷಗಟ್ಟಲೆ ಲೈನುಗಳು ಹೋದವು. ಷೇರುಪೇಟೆ 17ನೇ ತಾರೀಖಿನವರೆಗೆ ತೆರೆಯಲಿಲ್ಲ. ಅದಕ್ಕೆ ಈ ಲೈನುಗಳೂ ಒಂದು ಕಾರಣ. ಬೀದಿ ಬದಿಯ ಪೇಫೋನುಗಳ ಮುಂದೆ ಜನ ಕ್ಯೂ ನಿಂತಿದ್ದರು. ಮ್ಯಾನ್‌ಹ್ಯಾಟನ್‌ನಲ್ಲಿ ಅವುಗಳನ್ನು ಉಚಿತ ಮಾಡಿದ್ದರು.

ಇಂಟರ್ನೆಟ್ ತಡೆದುಕೊಂಡಿದ್ದಕ್ಕೆ ಕಾರಣ ಸರಳ. ಫೋನ್ ಕರೆಗೆ ಮಾತು ಮುಗಿಯುವ ತನಕ ಒಂದು ದಾರಿ ಮೀಸಲಿಡಬೇಕಿತ್ತು. ಇಂಟರ್ನೆಟ್‌ನಲ್ಲಿ ತುಂಡು ತುಂಡಾಗಿ ಹೋಗುವ ಡೇಟಾ ಒಂದು ದಾರಿ ಮುಚ್ಚಿದರೆ ಇನ್ನೊಂದರಲ್ಲಿ ಹೋಗುತ್ತದೆ. ಪರದಾಡಿದ್ದು ಸುದ್ದಿ ತಾಣಗಳು. ಸಿಎನ್‌ಎನ್ ಚಿತ್ರಗಳನ್ನೆಲ್ಲ ಕಿತ್ತು ಬರೀ ಅಕ್ಷರದ ಪುಟ ಹಾಕಿತು. ಗೂಗಲ್ ತನ್ನ ಮುಖಪುಟದಲ್ಲೇ ‘ಸುದ್ದಿಗೆ ಟಿವಿ, ರೇಡಿಯೊ ನೋಡಿ’ ಎಂಬರ್ಥದ ಸೂಚನೆ ಹಾಕಿತು! ತಮಾಷೆ ಅಂದರೆ, ಆ ಟಿವಿ ಚಾನೆಲ್‌ಗಳ ಆಂಟೆನಾ ಇದ್ದದ್ದು ಉತ್ತರ ಗೋಪುರದ ನೆತ್ತಿಯ ಮೇಲೆ. ಕೇಬಲ್ ಇಲ್ಲದ ಮನೆಗಳಲ್ಲಿ ಹೆಚ್ಚಿನ ಚಾನೆಲ್‌ಗಳು ಮಾಯವಾದವು.

ಎಲ್ಲರೂ ಮೊಬೈಲ್ ಬಗ್ಗೆಯೇ ಕೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಅಗ್ನಿಶಾಮಕದವರ ರೇಡಿಯೊ. ಎತ್ತರದ ಕಟ್ಟಡದಲ್ಲಿ ಕೈ ರೇಡಿಯೊ ಸಿಗ್ನಲ್ ಸಾಲದು, ಅದಕ್ಕೆಂದೇ ಅಲ್ಲಿ ರಿಪೀಟರ್, ಅಂದರೆ ಸಿಗ್ನಲ್ ಹಿಡಿದು ಬಲಪಡಿಸಿ ಮತ್ತೆ ಕಳಿಸುವ ಯಂತ್ರ, ಹಾಕಿದ್ದರು. ಉತ್ತರ ಗೋಪುರದ ಲಾಬಿಯಲ್ಲಿ ಅದರ ಎರಡು ಬಟನ್‌ಗಳಲ್ಲಿ ಒಂದನ್ನು ಒತ್ತಿರಲಿಲ್ಲ. ಅಧಿಕಾರಿಗಳು ಪರೀಕ್ಷಿಸಿದಾಗ ದನಿ ಬರಲಿಲ್ಲ. ಕೆಟ್ಟಿದೆ ಅಂದುಕೊಂಡು ಅದನ್ನು ಬಿಟ್ಟು ಬೇರೆ ಚಾನೆಲ್ ಹಿಡಿದರು. ಅದೇ ರಿಪೀಟರ್ ದಕ್ಷಿಣ ಗೋಪುರದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. 9:59ಕ್ಕೆ ದಕ್ಷಿಣ ಗೋಪುರ ಬಿತ್ತು. ‘ಕೆಳಗಿಳಿದು ಬನ್ನಿ’ ಎಂಬ ಆದೇಶ ಉತ್ತರ ಗೋಪುರದಲ್ಲಿದ್ದ ಕೆಲವರಿಗೆ ಕೇಳಿತು, ಕೆಲವರಿಗೆ ಇಲ್ಲ. ಪಕ್ಕದ ಗೋಪುರ ಬಿದ್ದಿದೆ ಅಂತಲೇ ಹಲವರಿಗೆ ಗೊತ್ತಿರಲಿಲ್ಲ. ಪೊಲೀಸ್ ಹೆಲಿಕಾಪ್ಟರ್ ‘ಇದೂ ಜಾಸ್ತಿ ಹೊತ್ತು ನಿಲ್ಲೋದಿಲ್ಲ’ ಎಂದು ಎಚ್ಚರಿಸಿತು, ಆದರೆ ಪೊಲೀಸರ ರೇಡಿಯೊದಲ್ಲಿ. ಅಗ್ನಿಶಾಮಕದವರದು ಬೇರೆ ರೇಡಿಯೊ. 10:28ಕ್ಕೆ ಉತ್ತರ ಗೋಪುರವೂ ಬಿತ್ತು. ಅವತ್ತು ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಅಷ್ಟಕ್ಕೂ ರೇಡಿಯೊ ಒಂದೇ ಕಾರಣ ಅನ್ನೋದು ತಪ್ಪು. ಆದರೆ ಬದುಕುವ ಅವಕಾಶವಿದ್ದ ಕೆಲವರ ತನಕ ಮಾತು ಮುಟ್ಟಲಿಲ್ಲ ಅನ್ನುವುದಂತೂ ಖರೆ.

ನೆಟ್‌ವರ್ಕನ್ನು ಬೇಕಂತಲೇ ಕಟ್ಟಿಹಾಕಿದ ಉದಾಹರಣೆ ಬೇಕಿದ್ದರೆ ಲಂಡನ್ ನೋಡಿ. 2005ರ ಜುಲೈ 7ರ ಬಾಂಬ್ ದಾಳಿಯ ದಿನ, ಬಾಂಬ್ ಸಿಡಿದ ಸುರಂಗ ರೈಲಿನ ಆಲ್ಡ್‌ಗೇಟ್ ಸ್ಟೇಷನ್ ಸುತ್ತ ಸುಮಾರು 1 ಕಿ.ಮೀ. ವ್ಯಾಪ್ತಿಯಲ್ಲಿ ಓ2 ಕಂಪನಿಯ ನೆಟ್‌ವರ್ಕನ್ನು ಕೆಲವು ಗಂಟೆ ತುರ್ತು ಸೇವೆಯವರಿಗಷ್ಟೇ ಬಿಟ್ಟಿದ್ದರು. ಕೇಳಿದ್ದು ಸಿಟಿ ಆಫ್ ಲಂಡನ್ ಪೊಲೀಸರು. ಹಾಗೆ ಮಾಡುವುದು ಬೇಡ ಅಂತ ಅವತ್ತಿನ ಕಾರ್ಯಾಚರಣೆ ನೋಡಿಕೊಳ್ಳುತ್ತಿದ್ದ ಮೇಲಿನ ಸಮನ್ವಯ ಗುಂಪು ಆಗಲೇ ತೀರ್ಮಾನಿಸಿತ್ತು! ಸುರಂಗದೊಳಗಂತೂ ಹೆಚ್ಚಿನವರ ರೇಡಿಯೊ ನಡೆಯದೆ, ಸುದ್ದಿ ಮುಟ್ಟಿಸಲು ಆಳುಗಳು ಓಡಾಡಬೇಕಾಯಿತು. 1987ರಲ್ಲಿ ಅಲ್ಲಿನದೇ ಕಿಂಗ್ಸ್ ಕ್ರಾಸ್ ಸುರಂಗ ರೈಲು ಸ್ಟೇಷನ್‌ನಲ್ಲಿ ಬಿದ್ದ ಬೆಂಕಿಯ ನಂತರವೇ ಇದನ್ನು ಸರಿಪಡಿಸಿ ಎಂದಿದ್ದರು.

ಇನ್ನು ಇವತ್ತಿನ ಮಾತು. ಈಗ ಮಾತೂ ಡೇಟಾ ಆಗಿಯೇ ಹೋಗುತ್ತದೆ, ಆದರೆ ಟವರ್ ಅದೇ. ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ. ಕರೆ ಒತ್ತುತ್ತಾ ಕೂರಬೇಡಿ. ‘ಕ್ಷೇಮ, ಇಂಥ ಕಡೆ ಇದ್ದೇನೆ’ ಅಂತ ಒಂದು ಎಸ್ಸೆಮ್ಮೆಸ್ ಹಾಕಿ. ತಕ್ಷಣ ಹೋಗದಿದ್ದರೂ ನೆಟ್‌ವರ್ಕ್ ಅದನ್ನು ಇಟ್ಟುಕೊಂಡು ಆಮೇಲೆ ಮುಟ್ಟಿಸಲು ನೋಡುತ್ತದೆ. ಬೇರೆ ಊರಲ್ಲಿರುವ ಒಬ್ಬರಿಗೆ ತಿಳಿಸಿ, ಉಳಿದವರಿಗೆಲ್ಲ ಅವರೇ ಹೇಳಲಿ. ಫೋನಿನ ಬ್ಯಾಟರಿಯೂ ಉಳಿಯುತ್ತದೆ.