ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಜೊತೆ ಹೋಮಿಯೋಪತಿಯನ್ನೂ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಅಮ್ಮನಿಗೆ 54 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ (ಸಂಧಿವಾತ) ಅಂತ ಈಚೆಗೆ ಗೊತ್ತಾಗಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಶುರು ಮಾಡಿದ್ದಾರೆ. ನಿಮ್ಮ ಚಿಕ್ಕಮ್ಮನಿಗೆ ಚಿಕನ್‌ಗುನ್ಯಾ ಆದ ಮೇಲೆ ಬಂದ ಕೀಲುನೋವು ಹೋಮಿಯೋಪತಿಯಲ್ಲಿ ವಾಸಿಯಾಯಿತಂತೆ. 'ಇಂಗ್ಲಿಷ್ ಮಾತ್ರೆ ಬಿಟ್ಟು ಇದನ್ನು ತಗೋ ಅಕ್ಕ' ಅಂತ ಅವರು ಒತ್ತಾಯ ಮಾಡುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ತಗೊಳ್ಳಬಹುದು. ಆದರೆ ಮೆಥೊಟ್ರೆಕ್ಸೇಟ್ ಬಿಡಬಾರದು, ತಾವಾಗಿ ಕಡಿಮೆಯೂ ಮಾಡಬಾರದು. ನಾನು ಡಾಕ್ಟರಲ್ಲ. ಇದೇ ಕಾಯಿಲೆಯ ಜೊತೆ ವರ್ಷಗಳಿಂದ ಬದುಕುತ್ತಿರುವವಳು, ಎರಡೂ ಔಷಧಿಯನ್ನು ಒಟ್ಟಿಗೆ ತಗೊಂಡವಳು.

ಇದು ವಯಸ್ಸಾದ ಮೇಲೆ ಬರುವ ಮಂಡಿ ಸವೆತ ಅಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಮೊದಲು ಊತ, ಆಮೇಲೆ ನಿಧಾನಕ್ಕೆ ಮೂಳೆಯನ್ನೇ ಕೊರೆಯುತ್ತದೆ. ಹಾಗೆ ಕೊರೆದುಹೋದ ಮೂಳೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ನೋವು ಕಡಿಮೆ ಇರುವಾಗಲೂ ಒಳಗೆ ಊತ ಇರಬಹುದು, ಅದೇ ಇದರ ಕಷ್ಟ. ಮೆಥೊಟ್ರೆಕ್ಸೇಟ್ ನೋವಿನ ಮಾತ್ರೆ ಅಲ್ಲ, ಆ ದಾಳಿಯನ್ನೇ ತಗ್ಗಿಸುವ ಔಷಧಿ. ಅದರ ಗುಣ ಗೊತ್ತಾಗಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ನಿಮ್ಮ ಅಮ್ಮ ಈಗ ಇರುವುದು ಬಹುಶಃ ಆ ಕಾಯುವ ದಿನಗಳಲ್ಲೇ. ನೆಂಟರೆಲ್ಲ ಬಂದು 'ಏನೂ ಗುಣ ಕಾಣ್ತಿಲ್ವಲ್ಲ, ಬಿಟ್ಟುಬಿಡು' ಅನ್ನುವುದೂ ಈಗಲೇ. ದಯವಿಟ್ಟು ಈ ಹೊತ್ತಿನಲ್ಲಿ ಅಮ್ಮನ ಜೊತೆ ಗಟ್ಟಿಯಾಗಿ ನಿಲ್ಲಿ.

ಇನ್ನು ಹೋಮಿಯೋಪತಿ. ನಾನಿರುವುದು ಮಂಗಳೂರಿನಲ್ಲಿ, ಇಲ್ಲಿ ಅದು ಹೊಸದೇನಲ್ಲ. ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲೇ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದ್ದರು. ಅವರ ಹೆಸರಿನ ಸಂಸ್ಥೆಯಲ್ಲಿ ಇವತ್ತು ಮೆಡಿಕಲ್ ಕಾಲೇಜೂ ಇದೆ, ಹೋಮಿಯೋಪತಿ ಕಾಲೇಜೂ ಇದೆ. ಈ ಊರಲ್ಲಿ ಎರಡು ಕಡೆಯ ಚೀಟಿಯನ್ನೂ ಒಂದೇ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುವವರು ಬೇಕಾದಷ್ಟು ಜನ ಸಿಗುತ್ತಾರೆ.

ನಾನು ಹೋದದ್ದು ಮನೆ ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ. ಆಗ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹಿಡಿಯುವುದೂ ಕಷ್ಟ, ಒದ್ದೆ ಬಟ್ಟೆ ಹಿಂಡುವುದಂತೂ ದೂರದ ಮಾತು. ಆ ಡಾಕ್ಟರು ಮೊದಲ ಸಲ ಒಂದು ಗಂಟೆಗಿಂತ ಜಾಸ್ತಿ ಮಾತಾಡಿಸಿದರು. ಎದ್ದ ತಕ್ಷಣ ನೋವು ಜಾಸ್ತಿಯೋ, ಓಡಾಡಿದ ಮೇಲೋ? ಮಳೆಗಾಲದಲ್ಲಿ ಹೇಗೆ? ನಿದ್ದೆಯಲ್ಲಿ ಹೊದಿಕೆ ಬೇಕಾ, ಬೇಡವಾ? ಉಪ್ಪು ಇಷ್ಟವಾ, ಸಿಹಿಯಾ? ಮನಸ್ಸಿಗೆ ಏನು ನೋವಿದೆ? ಕೈ ನೋವು ಅಂತ ಹೋದವಳನ್ನು ಅಲ್ಲಿಯವರೆಗೆ ಯಾರೂ ಇಷ್ಟು ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಕೊಟ್ಟದ್ದು ರಸ್ ಟಾಕ್ಸ್, ಸಾಸಿವೆಗಿಂತ ಸ್ವಲ್ಪ ದಪ್ಪದ ಬಿಳಿ ಸಿಹಿ ಗುಳಿಗೆ. ಅವರ ಪದ್ಧತಿಯಲ್ಲಿ ಎದ್ದ ತಕ್ಷಣ ಬಿಗಿಯಾಗಿದ್ದು ಓಡಾಡುತ್ತಾ ಸಡಿಲವಾಗುವ ನೋವಿಗೆ ರಸ್ ಟಾಕ್ಸ್, ಅಲುಗಾಡಿದರೆ ಜಾಸ್ತಿಯಾಗುವ ನೋವಿಗೆ ಬ್ರಯೋನಿಯಾ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮುಂದಿನ ದಿನಗಳಲ್ಲಿ ಮನಸ್ಸೂ ಹಗುರಾಯಿತು, ನೋವು ತಡೆದುಕೊಳ್ಳುವ ಶಕ್ತಿಯೂ ಬಂತು. ಇದು ನಿಜ, ಸುಮ್ನೆ ಹೇಳುತ್ತಿಲ್ಲ.

ಆ ಗುಣ ಗುಳಿಗೆಯಿಂದ ಬಂತಾ? ಇದನ್ನು ತಿಳಿಯಬೇಕು ಅಂತ ನಾನು ಸಾಕಷ್ಟು ಓದಿದ್ದೇನೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಸರಿಯಾಗಿ ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ್ದರು. ಅದು 2011ರಲ್ಲಿ ಪ್ರಕಟವಾಯಿತು. 83 ರೋಗಿಗಳು, ಎಲ್ಲರೂ ತಮ್ಮ ಮಾಮೂಲಿ ಔಷಧಿ ತಗೊಳ್ಳುತ್ತಲೇ ಇದ್ದವರು. ಕೆಲವರಿಗೆ ಹೋಮಿಯೋಪತಿ ಡಾಕ್ಟರ ಜೊತೆ ದೀರ್ಘ ಮಾತುಕತೆ, ಕೆಲವರಿಗೆ ಅದಿಲ್ಲದೆ ಬರೀ ಗುಳಿಗೆ. ಗುಳಿಗೆಯಲ್ಲೂ ಕೆಲವರಿಗೆ ಔಷಧಿ ಇದ್ದದ್ದು, ಕೆಲವರಿಗೆ ಇಲ್ಲದ್ದು. ಮಾತುಕತೆ ಸಿಕ್ಕವರಲ್ಲಿ ನೋವು, ಊದಿದ ಕೀಲುಗಳ ಸಂಖ್ಯೆ ಇಂಥ ಕೆಲವು ಅಳತೆಗಳಲ್ಲಿ ಸುಧಾರಣೆ ಕಂಡಿತು. ಗುಳಿಗೆಯಲ್ಲಿ ಔಷಧಿ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮುಂಚೆ 2001ರಲ್ಲಿ 112 ಸಂಧಿವಾತ ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ಔಷಧಿಯಿಂದ ಹೆಚ್ಚಿನ ಗುಣ ಕಾಣಲಿಲ್ಲ. ಅದನ್ನು ಮಾಡಿದವರಲ್ಲಿ ಒಬ್ಬರು ಪೀಟರ್ ಫಿಷರ್. ಬ್ರಿಟನ್ ರಾಣಿಗೆ ಹೋಮಿಯೋಪತಿ ವೈದ್ಯರಾಗಿದ್ದವರು. ತಾವೇ ನಂಬಿದ ಪದ್ಧತಿಯ ಬಗ್ಗೆ ಬಂದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು, ಆ ಪ್ರಾಮಾಣಿಕತೆಗೆ ನನಗೆ ತುಂಬಾ ಗೌರವ ಇದೆ.

ಈ ಗುಳಿಗೆಗಳ ಹೆಸರಿನ ಜೊತೆ 30ಸಿ ಅಂತೆಲ್ಲ ಪೊಟೆನ್ಸಿ, ಅಂದರೆ ಎಷ್ಟು ತೆಳು ಮಾಡಿದ್ದು ಅಂತ ಬರೆದಿರುತ್ತದೆ. 30ಸಿ ಅಂದರೆ ಮೂಲ ವಸ್ತುವನ್ನು ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳು ಮಾಡಿದ್ದು. 12 ಸಲ ದಾಟುವ ಹೊತ್ತಿಗೇ ಅದರ ಒಂದು ಅಣುವೂ ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ಇಂಥ ಗುಳಿಗೆ ನಿಮ್ಮ ಅಮ್ಮನ ಮೆಥೊಟ್ರೆಕ್ಸೇಟ್ ಜೊತೆ ಸೇರಿ ತೊಂದರೆ ಕೊಡದು ಅಂತ ಹೇಳಲು ಇದೂ ಒಂದು ಕಾರಣ. ಮೂಳೆ ಕೊರೆಯುವುದನ್ನು ಅದು ನಿಲ್ಲಿಸೀತು ಅಂತ ನಂಬಲು ಮಾತ್ರ ನನಗೆ ಯಾವ ಆಧಾರವೂ ಸಿಕ್ಕಿಲ್ಲ.

ಚಿಕ್ಕಮ್ಮ ಸುಳ್ಳು ಹೇಳುತ್ತಿಲ್ಲ. 2006ರಲ್ಲಿ ಚಿಕನ್‌ಗುನ್ಯಾ ಕರ್ನಾಟಕದಲ್ಲೆಲ್ಲ ಹಬ್ಬಿದಾಗ ಎಷ್ಟೋ ಮನೆಗಳಲ್ಲಿ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಆ ನೋವು ಹೆಚ್ಚಿನವರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾವ ಔಷಧಿ ತಗೊಳ್ಳುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಅಮ್ಮನ ಕಾಯಿಲೆ ಹಾಗೆ ಇಳಿದು ಹೋಗುವಂಥದ್ದಲ್ಲ. ಒಂದು ತಿಂಗಳು ಏರುತ್ತದೆ, ಒಂದು ತಿಂಗಳು ತಗ್ಗುತ್ತದೆ. ತಗ್ಗಿದಾಗ ವಾಸಿಯಾಯಿತು ಅಂತ ಅನ್ನಿಸುವುದು ಸಹಜ.

ಹೋಮಿಯೋಪತಿ ನೋಡೋಣ ಅಂತಲೇ ತೀರ್ಮಾನ ಮಾಡಿದರೆ ಬಿ.ಎಚ್.ಎಂ.ಎಸ್. (ಹೋಮಿಯೋಪತಿ ಪದವಿ) ಓದಿ ನೋಂದಣಿ ಮಾಡಿಸಿದವರ ಹತ್ತಿರವೇ ಹೋಗಿ. ಮೆಥೊಟ್ರೆಕ್ಸೇಟ್ ವಿಷಯ ಮೊದಲ ದಿನವೇ ಹೇಳಿ. 'ಅದನ್ನು ನಿಲ್ಲಿಸಿದರೆ ಮಾತ್ರ ನನ್ನ ಔಷಧಿ ಕೆಲಸ ಮಾಡುತ್ತೆ' ಅಂದರೆ ಅಲ್ಲಿಂದ ಎದ್ದು ಬನ್ನಿ. ಹೆಸರು, ಪೊಟೆನ್ಸಿ ಬರೆಯದ ಪುಡಿಯ ಪೊಟ್ಟಣ ಕೊಟ್ಟರೆ ಬರೆದುಕೊಡಿ ಅಂತ ಕೇಳಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇರುತ್ತದೆ. ಎರಡು ಮೂರು ದಿನದಲ್ಲೇ ನೋವು ಮಾಯ, ಆಮೇಲೆ ಮುಖ ಊದಿಕೊಳ್ಳುವುದು, ಶುಗರ್ ಏರುವುದು, ಹೀಗಾದರೆ ತಕ್ಷಣ ನಿಮ್ಮ ಕೀಲುರೋಗ ತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತಿಳಿಸಿ. ಪುಡಿಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಸ್ಟೀರಾಯ್ಡ್ ಆಗಿದ್ದರೆ ಹಾಗೆ ನಿಲ್ಲಿಸುವುದೂ ಅಪಾಯ. ಮದರ್ ಟಿಂಚರ್ ಅಂತ ಕೊಡುವ ದ್ರವದಲ್ಲಿ ಗಿಡದ ಸತ್ವವೂ ಇರುತ್ತದೆ, ಆಲ್ಕೋಹಾಲೂ ಇರುತ್ತದೆ. ಮೆಥೊಟ್ರೆಕ್ಸೇಟ್ ತಗೊಳ್ಳುವವರು ಲಿವರ್ ಬಗ್ಗೆ ಹುಷಾರಾಗಿರಬೇಕು, ಹಾಗಾಗಿ ನಾನಂತೂ ಅದನ್ನು ಮುಟ್ಟಲಿಲ್ಲ. ಇನ್ನೊಂದು, 'ಮೊದಲು ಸ್ವಲ್ಪ ಜಾಸ್ತಿಯಾಗಿ ಆಮೇಲೆ ಕಡಿಮೆಯಾಗುತ್ತೆ' ಅಂತ ಹೋಮಿಯೋಪತಿಯಲ್ಲಿ ಹೇಳುವುದುಂಟು. ಊತ ಏರಿದರೆ ಅದನ್ನು ನಂಬಿ ಕಾಯಬೇಡಿ, ತೋರಿಸಿ.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನಾ ತಗೊಂಡರೆ ಜೀವಕ್ಕೇ ಅಪಾಯ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಭಾನುವಾರಕ್ಕೆ ಗುರುತು ಹಾಕಿ, ನುಂಗಿದ ಮೇಲೆ ಅದರ ಮೇಲೆ ಗೀಟು ಎಳೆಯುತ್ತೇವೆ. ಫೋಲಿಕ್ ಆಸಿಡ್, ಲಿವರ್ ಮತ್ತು ರಕ್ತದ ಪರೀಕ್ಷೆ ತಪ್ಪಿಸಬೇಡಿ. ಬಾಯಿ ಹುಣ್ಣು, ಜ್ವರ, ಒಣಕೆಮ್ಮು, ಉಸಿರು ಕಟ್ಟುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ. ಗುಣ ಆಗುತ್ತಿದೆಯಾ ಅಂತ ತಿಳಿಯಲು ಅಮ್ಮನ ಮಾತಿನ ಜೊತೆಗೆ, ಒಳಗೆ ಊತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಕೂಡ ನೋಡಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಚಿಕ್ಕಮ್ಮನ ಜೊತೆ ವಾದಕ್ಕೆ ಹೋಗಬೇಡಿ. ಅವರು ಅಕ್ಕನ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದಾರೆ, ಅಲ್ವಾ? ಮುಂದಿನ ಸಲ ರುಮಟಾಲಜಿಸ್ಟ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅಮ್ಮನ ಕೈಯ ಎಕ್ಸ್‌ರೇ ಹಿಡಿದು ಡಾಕ್ಟರೇ ವಿವರಿಸಲಿ. ಅವರ ಸಂದೇಹಗಳನ್ನು ಅಲ್ಲೇ ಕೇಳಲಿ.