ಆ ಪತ್ರ ಬರೆದುಬಿಡು, ತಂಗಿ

ನಿನ್ನ ಮೆಸೇಜ್ ಓದಿದೆ. ನಿಮ್ಮ ಡಿಪಾರ್ಟ್‌ಮೆಂಟಿನಿಂದ ಇಮೇಲ್ ಬಂದಿದೆ, ಒಳ್ಳೆಯ ಪಾಠಕ್ಕೆ, ಮಾರ್ಗದರ್ಶನಕ್ಕೆ ಕೊಡುವ ಪ್ರಶಸ್ತಿಗೆ ವಿದ್ಯಾರ್ಥಿಗಳೇ ಹೆಸರು ಸೂಚಿಸಬೇಕಂತೆ. ನಿನ್ನ ಗೈಡ್ ಬಗ್ಗೆ ಬರೆಯಬೇಕು ಅನ್ನುವ ಆಸೆ ನಿನಗೆ. ಆದರೆ "ಅಕ್ಕಾ, ನಾಳೆ ನನ್ನ ಥೀಸಿಸ್‌ಗೆ ಇವರೇ ಸಹಿ ಹಾಕಬೇಕು. ಈಗ ಹೊಗಳಿ ಬರೆದರೆ ಬೆಣ್ಣೆ ಹಚ್ಚಿದ ಹಾಗೆ ಆಗಲ್ವಾ?" ಅಂತ ಕೇಳಿದ್ದೀಯ. ಜೊತೆಗೆ ಬಾಸ್ಟನ್ ಚಳಿ, ಬಾಡಿಗೆ ಮನೆ, ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕಾ ಅನ್ನುವುದೂ ಇದೆ.

ಚಿಕ್ಕವನ್ನು ಮೊದಲು ಮುಗಿಸುತ್ತೇನೆ. ಚಳಿಗೆ ಕೋಟ್‌ಗಿಂತ ಮೊದಲು ಒಳ್ಳೆಯ ಬೂಟು ತಗೋ. ಇಲ್ಲಿ ಹೆಚ್ಚಿನ ಬಾಡಿಗೆ ಮನೆಗಳು ಸೆಪ್ಟೆಂಬರ್ 1ಕ್ಕೆ ಕೈ ಬದಲಾಗುತ್ತವೆ, ಅದಕ್ಕೆ ಬಹಳ ಮೊದಲೇ ಹುಡುಕಲು ಶುರು ಮಾಡು. ಹೆಸರು ಹಿಡಿದು ಕರೆ ಅಂತ ಅವರೇ ಹೇಳಿದ್ದರೆ ಕರೆ. ನಾಲಿಗೆ ಏಳದಿದ್ದರೆ "ಪ್ರೊಫೆಸರ್" ಅನ್ನು, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಈಗ ಪತ್ರದ ವಿಷಯ. ಬರೆ. ಖಂಡಿತ ಬರೆ.

ನಿನ್ನ ಹಿಂಜರಿಕೆ ನನಗೆ ಚೆನ್ನಾಗಿ ಗೊತ್ತು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ ಇಲ್ಲಿಗೆ ಬಂದವಳು ನಾನು. ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ದಿನ ಪ್ರೊಫೆಸರ್ ಕ್ಲಾಸಿಗೆ ಒಂದಿಷ್ಟು ಹಾಳೆ ತಂದು, ನಮ್ಮಲ್ಲೇ ಒಬ್ಬನ ಕೈಗೆ ಕೊಟ್ಟು, ತಾವು ಹೊರಗೆ ಹೋಗಿಬಿಟ್ಟರು. ಅವರ ಪಾಠಕ್ಕೆ ನಾವು ಅಂಕ ಹಾಕಬೇಕಿತ್ತು. ತುಂಬಿದ ಹಾಳೆಗಳನ್ನು ಆ ಹುಡುಗ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಆಫೀಸಿಗೆ ಕೊಟ್ಟ. ಮೇಷ್ಟ್ರಿಗೆ ವಿದ್ಯಾರ್ಥಿ ಅಂಕ ಹಾಕುವುದನ್ನು ನಾನು ಕನಸಲ್ಲೂ ಕಂಡಿರಲಿಲ್ಲ. ಸುತ್ತ ಕೂತಿದ್ದ ನಮ್ಮ ದೇಶದವರೆಲ್ಲ ಎಲ್ಲದಕ್ಕೂ 5 ಹಾಕಿ, ಬರೆಯುವ ಜಾಗ ಖಾಲಿ ಬಿಟ್ಟು ಎದ್ದರು. ಈಗ ಅದೆಲ್ಲ ಆನ್‌ಲೈನ್ ಆಗಿದೆ. ಖಾಲಿ ಜಾಗ ಮಾತ್ರ ಇನ್ನೂ ಖಾಲಿಯಾಗಿಯೇ ಇರುತ್ತದೆ.

ನಮ್ಮವರು ಮೇಷ್ಟ್ರನ್ನು ಮರೆಯುವವರಲ್ಲ. 1921ರಲ್ಲಿ ರಾಧಾಕೃಷ್ಣನ್ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತಾಕ್ಕೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ, ವಿದ್ಯಾರ್ಥಿಗಳೇ ಅದನ್ನು ಮೈಸೂರು ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರಲ್ಲ. ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಆದರೆ ಇವೆಲ್ಲ ಮೇಷ್ಟ್ರು ಊರು ಬಿಟ್ಟ ಮೇಲೆ, ರಿಟೈರ್ ಆದ ಮೇಲೆ, ತೀರಿಕೊಂಡ ಮೇಲೆ ಸಲ್ಲುವ ಗೌರವ. ಅವರು ಇನ್ನೂ ಕ್ಲಾಸಿನಲ್ಲಿ ನಿಂತಿರುವಾಗ, ಅವರ ಕೆಲಸ ಉಳಿಯುತ್ತಾ ಹೋಗುತ್ತಾ ಅನ್ನುವ ಹೊತ್ತಿನಲ್ಲಿ ಬರೆದು ಕೊಡುವುದು ನಮಗೆ ಅಭ್ಯಾಸವಿಲ್ಲ. ಇಲ್ಲಿ ಬೇಕಾಗುವುದು ಅದೇ.

ಯಾಕೆ ಅಂತ ಹೇಳುತ್ತೇನೆ. ನನ್ನ ಕಾಲದಲ್ಲಿ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಇದ್ದರು. ದಕ್ಷಿಣ ಅಮೆರಿಕದ ಕಡೆಯವರು. ನನಗೆ ಗೈಡ್ ಅಲ್ಲ, ಆದರೂ ಬುಧವಾರ ಸಂಜೆ ನಮ್ಮಂಥ ಹೊಸಬರನ್ನೆಲ್ಲ ಕೂರಿಸಿಕೊಂಡು ಸೆಮಿನಾರ್ ಕೊಡುವುದನ್ನು ಕಲಿಸುತ್ತಿದ್ದರು. ಸ್ಲೈಡ್ ನೋಡದೆ ಮಾತಾಡು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು ಅಂತ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಹುಬ್ಬಳ್ಳಿಯ ಹುಡುಗನೊಬ್ಬನ ಅಪ್ಪ ತೀರಿಕೊಂಡಾಗ, ಅವನು ಊರಿಗೆ ಹೋಗಿ ಕಾರ್ಯ ಮುಗಿಸಿ ಬರುವವರೆಗೆ ಅವನು ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿ ಮಾಡಬೇಕಿದ್ದ ಕ್ಲಾಸುಗಳನ್ನು ತಾವೇ ತೆಗೆದುಕೊಂಡರು. ಯಾರಿಗೂ ಹೇಳಲೂ ಇಲ್ಲ.

ಅವರಿಗೆ ಟೆನ್ಯೂರ್ ಸಿಗಲಿಲ್ಲ. ಇಲ್ಲಿ ಸಾಮಾನ್ಯವಾಗಿ ಆರನೇ ವರ್ಷದಲ್ಲಿ ಅದರ ತೀರ್ಮಾನ ಆಗುತ್ತದೆ. ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ಇನ್ನೊಂದು ವರ್ಷ ಕೊಟ್ಟು ಕಳಿಸಿಬಿಡುತ್ತಾರೆ. ಪಾಠದ ಕಾರಣಕ್ಕೇ ಹೋಯಿತು ಅಂತ ನಾನು ಹೇಳಲಾರೆ, ಇಲ್ಲಿ ಸಂಶೋಧನೆಗೇ ತೂಕ ಜಾಸ್ತಿ. ಆದರೆ ಅವರ ಪಾಠದ ಬಗ್ಗೆ ಫೈಲಿನಲ್ಲಿ ಇದ್ದದ್ದು ವಿದ್ಯಾರ್ಥಿಗಳು ಹಾಕಿದ ಒಂದಿಷ್ಟು ಅಂಕಿ, ಮತ್ತೆ "ಉಚ್ಚಾರ ಅರ್ಥವಾಗಲ್ಲ" ಅನ್ನುವ ಹೆಸರಿಲ್ಲದ ಕೆಲವು ಸಾಲು, ಅಷ್ಟೇ. ಅವರೇ ಆಮೇಲೆ ಹೇಳಿದರು. ಬುಧವಾರದ ಸಂಜೆಗಳು ಅದರಲ್ಲಿ ಇರಲೇ ಇಲ್ಲ. ಹುಬ್ಬಳ್ಳಿಯ ಹುಡುಗನೂ ಇರಲಿಲ್ಲ. ನಮ್ಮನ್ನು ಯಾರೂ ಕೇಳಲಿಲ್ಲ, ನಾವಾಗಿಯೇ ಬರೆಯಬಹುದು ಅಂತ ಹೇಳಿಕೊಟ್ಟವರೂ ಇರಲಿಲ್ಲ. ಇಷ್ಟು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಆ ಅಂಕಿಗಳನ್ನು ಎಷ್ಟು ನಂಬಬಹುದು ಅನ್ನುವುದೂ ಪ್ರಶ್ನೆಯೇ. 2015ರಲ್ಲಿ ಪ್ರಕಟವಾದ, ನಾರ್ತ್ ಕ್ಯಾರೊಲಿನಾದ ಒಂದು ಸಣ್ಣ ಅಧ್ಯಯನದಲ್ಲಿ ಆನ್‌ಲೈನ್ ಕ್ಲಾಸಿನ ಇಬ್ಬರು ಶಿಕ್ಷಕರು, ಒಬ್ಬ ಗಂಡಸು, ಒಬ್ಬ ಹೆಂಗಸು, ತಮ್ಮ ಹೆಸರು ಅದಲುಬದಲು ಮಾಡಿಕೊಂಡು ಪಾಠ ಮಾಡಿದರು. ಪಾಠ ಮಾಡಿದವರು ಯಾರೇ ಆಗಿರಲಿ, ಗಂಡಸಿನ ಹೆಸರಿಗೇ ಜಾಸ್ತಿ ಅಂಕ ಬಂತು. ಹೋಮ್‌ವರ್ಕ್ ಒಂದೇ ಹೊತ್ತಿಗೆ ತಿದ್ದಿ ಕೊಟ್ಟಿದ್ದರೂ ಬೇಗ ಕೊಟ್ಟದ್ದು "ಅವನೇ" ಅಂದರು! ಟೊರೊಂಟೊದ ಆಗಿನ ರೈಯರ್ಸನ್ ವಿಶ್ವವಿದ್ಯಾಲಯದಲ್ಲಂತೂ ಬಡ್ತಿ, ಟೆನ್ಯೂರ್‌ಗೆ ಪಾಠದ ಗುಣವನ್ನು ಈ ಅಂಕಿಗಳಿಂದ ಅಳೆಯಬಾರದು ಅಂತ 2018ರಲ್ಲಿ ಮಧ್ಯಸ್ಥಗಾರರ ತೀರ್ಪೇ ಬಂತು. ನಿನ್ನ ಗೈಡ್ ಕೂಡ ಹೊರದೇಶದವರು, ಹೆಂಗಸು ಅಂದೆಯಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಬೆಣ್ಣೆಯ ಮಾತು. ನದಿಯಾಚೆ ಎಂಐಟಿ ನೋಡು. ಪದವಿ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪಾಠ ಮಾಡುವ ಪ್ರೊಫೆಸರುಗಳಿಗೆ ಅಲ್ಲಿ ಮ್ಯಾಕ್‌ವಿಕರ್ ಫೆಲೊ ಅನ್ನುವ ಗೌರವ ಇದೆ, ಹತ್ತು ವರ್ಷದ ಅವಧಿಗೆ. ವಿದ್ಯಾರ್ಥಿಗಳನ್ನು ಮೊದಲ ವರ್ಷಗಳಿಂದಲೇ ಸಂಶೋಧನೆಗೆ ಸೇರಿಸಿಕೊಳ್ಳುವ ಕಾರ್ಯಕ್ರಮವನ್ನು 1969ರಲ್ಲಿ ಶುರು ಮಾಡಿದ ಮಾರ್ಗರೆಟ್ ಮ್ಯಾಕ್‌ವಿಕರ್ ಹೆಸರಿನದು ಅದು. ಪಿಎಚ್‌ಡಿ ಹುಡುಗ ಹುಡುಗಿಯರೇ ತಮ್ಮ ಪ್ರೊಫೆಸರುಗಳ ಹೆಸರು ಕೊಡುವ ಇನ್ನೊಂದು ಗೌರವವೂ ಅಲ್ಲಿದೆ. ವಿದ್ಯಾರ್ಥಿಗಳ ಪತ್ರವಿಲ್ಲದೆ ಇಂಥವು ನಡೆಯುವುದೇ ಇಲ್ಲ. ಕೇಳಿದವರಿಗೆ ಉತ್ತರ ಕೊಡುವುದು ಬೆಣ್ಣೆ ಹಚ್ಚಿದಂತಲ್ಲ, ತಂಗಿ.

ಹೇಗೆ ಬರೆಯಬೇಕು? "ಇವರು ತಾಯಿಯಂತೆ", "ಇವರಂಥ ಗುರು ಇನ್ನಿಲ್ಲ" ಅಂತ ನಮ್ಮ ಬೀಳ್ಕೊಡುಗೆ ಭಾಷಣದ ಧಾಟಿ ಬೇಡ. ಕಮಿಟಿಯವರು ಅದನ್ನು ಓದಿ ಮುಂದೆ ಹೋಗುತ್ತಾರೆ. ನಡೆದದ್ದನ್ನು ಬರೆ. ನಿನ್ನ ಮೊದಲ ಡ್ರಾಫ್ಟ್‌ಗೆ ಅವರು ಅಂಚಿನ ತುಂಬ ಬರೆದು ಕೊಟ್ಟರು ಅಂದೆಯಲ್ಲ, ಅದರಲ್ಲಿ ಒಂದು ಸಾಲು ಎತ್ತಿ ಹಾಕು. ಆ ಸಾಲಿನಿಂದ ನಿನ್ನ ಕೆಲಸ ಹೇಗೆ ತಿರುಗಿತು ಹೇಳು. ಪ್ರಯೋಗ ಕೆಟ್ಟಾಗ ಏನಂದರು? ಕಾನ್ಫರೆನ್ಸ್‌ನಲ್ಲಿ ಯಾರಿಗೆ ಪರಿಚಯ ಮಾಡಿಸಿದರು? ಒಂದೂವರೆ ಪುಟ ಸಾಕು. ಲ್ಯಾಬಿನ ಉಳಿದವರನ್ನೂ ಕೇಳು, ಬೇರೆ ಬೇರೆಯಾಗಿ ಬರೆಯಲಿ. ಎಲ್ಲರದೂ ಒಂದೇ ಥರ ಇದ್ದರೆ ಹೇಳಿ ಬರೆಸಿದ ಹಾಗೆ ಕಾಣುತ್ತದೆ.

ಒಂದು ಎಚ್ಚರಿಕೆ. ಯಾವ ಪ್ರೊಫೆಸರಾದರೂ ತಾವೇ ಬಂದು "ನನ್ನ ಬಗ್ಗೆ ಬರೆ" ಅಂತ ಒತ್ತಾಯ ಮಾಡಿದರೆ ಹೂಂ ಅನ್ನಬೇಡ. ಸಮಯ ಇಲ್ಲ ಅಂದು ಜಾರಿಕೋ. ಒತ್ತಡ ಜಾಸ್ತಿಯಾದರೆ, ಇಂಥ ತೊಂದರೆಗಳನ್ನು ಕೇಳಿಸಿಕೊಳ್ಳಲು ಆಂಬಡ್ಸ್ ಆಫೀಸ್ ಅಂತ ಹೆಚ್ಚಿನ ಕಡೆ ಇರುತ್ತದೆ, ಹೋಗಿ ಮಾತಾಡು. ನಿನ್ನ ವೀಸಾ, ನಿನ್ನ ಸ್ಟೈಪೆಂಡ್ ಅವರ ಕೈಯಲ್ಲಿದೆ ಅನ್ನುವ ಭಯಕ್ಕೆ ಬರೆದ ಹೊಗಳಿಕೆ ನಿನಗೂ ಬೇಡ, ಅವರಿಗೂ ಬೇಡ. ರೇಷ್ಮೆ ಶಾಲು ಕೊಡಲಾ ಅಂತಲೂ ಕೇಳಿದ್ದೀಯ. ಬೆಲೆಯ ಉಡುಗೊರೆಗೆ ಇಲ್ಲಿ ನಿಯಮಗಳಿವೆ, ಬೇಡ. ಅಮ್ಮ ಕಳಿಸಿದ ಮೈಸೂರ್ ಪಾಕಿನ ಡಬ್ಬಿಯನ್ನು ಇಡೀ ಲ್ಯಾಬಿಗೆ ಅಂತ ತೆರೆದಿಡು.

ಇನ್ನೊಂದು ಕೆಲಸ ಮಾಡು. ಸ್ಟಾಟಿಸ್ಟಿಕ್ಸ್ ಪಾಠ ಮಾಡುವವರು ತುಂಬ ಚೆನ್ನಾಗಿ ಹೇಳಿಕೊಡುತ್ತಾರೆ, ಆದರೆ ವರ್ಷ ವರ್ಷದ ಕಾಂಟ್ರಾಕ್ಟ್ ಮೇಲೆ ಇದ್ದಾರೆ ಅಂದೆ. ಅಂಥವರು ಎಷ್ಟೋ ಪ್ರಶಸ್ತಿಗಳ ಲೆಕ್ಕಕ್ಕೇ ಬರುವುದಿಲ್ಲ. ಅವರ ಬಗ್ಗೆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸು, ಪಾಠ ಮಾಡುವ ಅವರಿಗೂ ಒಂದು ಪ್ರತಿ ಹೋಗಲಿ. ಗ್ರೇಡ್ ಬಂದ ಮೇಲೆ ಕಳಿಸು, ಆಗ ಯಾರೂ ಏನೂ ಅನ್ನಲ್ಲ. ಕಾಂಟ್ರಾಕ್ಟ್ ಮುಂದುವರಿಸುವಾಗ ಅವರಿಗೆ ತೋರಿಸಲು ಒಂದು ಕಾಗದ ಇರುತ್ತದೆ.