ಮರಳು ಬಚ್ಚಿಟ್ಟ ನೀರು

ಪ್ರಶ್ನೆ: ಹೋದ ವರ್ಷ ಮಗಳ ಮನೆಗೆ ಹೋದಾಗ ಅಮೆರಿಕದ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ನೋಡಿ ಬಂದೆವು. ಕೆಂಪು ಮರಳು, ಅಡಿಯಲ್ಲೇ ಮರಳುಗಲ್ಲಿನ ಬಂಡೆ. ಅಂಥಲ್ಲಿ ಹುಲ್ಲು, ಪೊದೆ ಚೆನ್ನಾಗಿಯೇ ಇದ್ದವು. ದಾರಿಯಲ್ಲಿ ಸಿಕ್ಕ ಬೂದು ಜೇಡಿಯ ದಿಬ್ಬಗಳು ಮಾತ್ರ ಬೋಳು. ಮರಳಲ್ಲಿ ನೀರು ನಿಲ್ಲುವುದಿಲ್ಲ ಎಂದು ಕಲಿತವಳು ನಾನು. ಇದು ಹೇಗೆ? ಕಪ್ಪು ಮಣ್ಣಿನ ಮೇಲೆ ಕಾಲಿಡಬೇಡಿ ಎಂದು ಅಲ್ಲಿ ಯಾಕೆ ಹೇಳುತ್ತಾರೆ?

ಉತ್ತರ: ನೀವು ನೋಡಿದ್ದು ಸರಿ. ಮಣ್ಣಿನ ಸರ್ವೆ ಕೆಲಸಕ್ಕೆಂದು ಆ ಸೀಮೆಗೆ ಹೋದ ಹೊಸತರಲ್ಲಿ ನನ್ನನ್ನೂ ಕಾಡಿದ ಪ್ರಶ್ನೆ ಇದೇ. ಬೂದು ದಿಬ್ಬಗಳ ಮಣ್ಣಿನಲ್ಲಿ ಉಪ್ಪಿನಂಶವೂ ಇದೆ, ಬೋಳಾಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ದೊಡ್ಡ ಕಾರಣ ನೀರಿನದು.

ಅಲ್ಲಿ ವರ್ಷವಿಡೀ ಬೀಳುವುದು ಹಿಮವೂ ಸೇರಿ ಸುಮಾರು 200–230 ಮಿ.ಮೀ. 10 ಮಿ.ಮೀ. ಮಳೆ ಒಣ ಮರಳಿಗೆ ಬಿದ್ದರೆ ಹತ್ತಿರ ಹತ್ತಿರ 10 ಸೆಂ.ಮೀ. ಆಳಕ್ಕೆ ಇಳಿಯುತ್ತದೆ. ಅದೇ ಮಳೆ ಜೇಡಿಗೆ ಬಿದ್ದರೆ ಮೂರು ನಾಲ್ಕು ಸೆಂ.ಮೀ.ನಲ್ಲೇ ಮುಗಿಯಿತು, ಬಿಸಿಲು ಅದನ್ನು ಸಲೀಸಾಗಿ ಹೀರಿಬಿಡುತ್ತದೆ. ಮರಳಿನ ಮೇಲ್ಭಾಗ ಒಮ್ಮೆ ಒಣಗಿತೆಂದರೆ ಕೆಳಗಿನ ತೇವ ಮೇಲೇರುವ ದಾರಿಯೇ ಕಡಿದುಹೋಗುತ್ತದೆ, ಕಣಗಳ ನಡುವಿನ ಸಂದು ಅಷ್ಟು ದೊಡ್ಡದು. ಒಣ ಮರಳೇ ಹಸಿ ಮರಳಿಗೆ ಮುಚ್ಚಳ. ಮಳೆ ಜಾಸ್ತಿಯಿರುವ ಕಡೆ ನೀವು ಕಲಿತದ್ದೇ ನಿಜ, ಮರಳಿನ ನೀರು ಬೇರಿಗೆ ಸಿಗದೆ ಬಸಿದು ಹೋಗುತ್ತದೆ. ಮರುಭೂಮಿಯಲ್ಲಿ ಲೆಕ್ಕ ತಿರುವುಮುರುವು. ಇಮ್ಯಾನುಯೆಲ್ ನೋಯ್-ಮೀರ್ ಎಂಬ ಪರಿಸರ ವಿಜ್ಞಾನಿ 1973ರಲ್ಲಿಯೇ ಇದನ್ನು ಬಿಡಿಸಿ ಬರೆದಿದ್ದಾರೆ.

ಇನ್ನು ಅಡಿಯ ಬಂಡೆ. ಒಂದು ಗುಂಡಿ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಳೆ ಬಿದ್ದು ಎರಡು ವಾರವಾಗಿತ್ತು. ಮೇಲಿನ ಗೇಣುದ್ದ ಮರಳು ಬೆರಳ ಸಂದಿಯಲ್ಲಿ ಸುರಿದುಹೋಗುತ್ತಿತ್ತು. ಇನ್ನೂ ಕೆಳಗೆ ಬಣ್ಣ ಕಡುವಾಯಿತು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತಿತು. 45 ಸೆಂ.ಮೀ.ಗೆ ಹಾರೆ ಠಣ್ ಎಂದಿತು. ಬಂಡೆಯನ್ನು ಬ್ರಷ್‌ನಿಂದ ಗುಡಿಸಿ ನೋಡಿದರೆ ಎಲ್ಲಕ್ಕಿಂತ ಹೆಚ್ಚು ಹಸಿ ಅಲ್ಲೇ. ಕೂದಲೆಳೆಯಂಥ ಬೇರುಗಳು ಕಲ್ಲಿಗೆ ಅಂಟಿಕೊಂಡು ಚಾಪೆ ಹೆಣೆದಿದ್ದವು. ಪಕ್ಕದ ಜೂನಿಪರ್ ಮರದ ದಪ್ಪ ಬೇರೊಂದು ಬಂಡೆಯ ಸೀಳಿನೊಳಗೆ ಇಳಿದುಹೋಗಿತ್ತು. ಅಲ್ಲಿದ್ದ ಕಲ್ಲುಚೂರುಗಳ ತಳದಲ್ಲಿ ಬೆಳ್ಳಗೆ ಏನೋ ಬಳಿದಂತಿತ್ತು. ಆಸಿಡ್‌ನ ಒಂದು ಹನಿ ಬಿಟ್ಟೆ, ಸೊಯ್ಯೆಂದು ನೊರೆಯೆದ್ದಿತು. ಸುಣ್ಣ. ಇಳಿದ ನೀರು ಎಲ್ಲಿ ಆರುತ್ತದೋ ಅಲ್ಲಿ ಅದು ಉಳಿಯುತ್ತದೆ.

ಅರ್ಧ ಮೀಟರ್ ಮರಳು ಗಿಡಕ್ಕೆ ಸಿಗುವಂತೆ ಹಿಡಿದಿಡುವ ನೀರು ಮೂರು ನಾಲ್ಕು ಸೆಂ.ಮೀ. ಅಷ್ಟೇ. ಅದು ಇನ್ನೂ ಕೆಳಕ್ಕೆ ಜಾರದಂತೆ ಬಂಡೆ ತಡೆಯುತ್ತದೆ, ಮರಳುಗಲ್ಲು ತಾನೂ ಒಂದಿಷ್ಟು ಹೀರಿಟ್ಟುಕೊಳ್ಳುತ್ತದೆ. ಹಾಗಾಗಿ ಈ ನೆಲದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, ಬಂಡೆ ಎಷ್ಟು ಆಳದಲ್ಲಿದೆ ಎಂಬುದು. ಮರಳು ತೆಳುವಾಗಿದ್ದಲ್ಲಿ ಸೀಳು ಹುಡುಕಬಲ್ಲ ಪೊದೆ, ಮರಗಳದ್ದೇ ಮೇಲುಗೈ. ಆಳವಾಗಿದ್ದಲ್ಲಿ ಹುಲ್ಲು. ಇಂಡಿಯನ್ ರೈಸ್‌ಗ್ರಾಸ್ ಎಂಬ ಹುಲ್ಲಿನ ಬೇರನ್ನು ಮೆಲ್ಲನೆ ಬಿಡಿಸಿ ನೋಡಬೇಕು. ಬೇರಿನುದ್ದಕ್ಕೂ ಮರಳ ಕಣಗಳು ಅಂಟಿ, ಅಂಗಿಯ ತೋಳು ತೊಡಿಸಿದಂತಿರುತ್ತದೆ.

ಕಪ್ಪು ಮಣ್ಣು ಎಂದಿರಲ್ಲ, ಅದು ಜೀವಂತ ಹಕ್ಕಳೆ. ಮೈಕ್ರೋಕೋಲಿಯಸ್ ಎಂಬ ಸಯನೋಬ್ಯಾಕ್ಟೀರಿಯಾ (ಗಿಡದಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿ), ಕಲ್ಲುಹೂವು, ಹಾವಸೆ ಎಲ್ಲ ಕೂಡಿ ಕಟ್ಟಿದ್ದು. ಎಲ್ಲೋ ಮುರಿದು ಬಿದ್ದಿದ್ದ ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದಿದ್ದೆ: ಅಂಚಿನಿಂದ ಮರಳ ಕಣಗಳು ಕಾಣದ ದಾರಕ್ಕೆ ಪೋಣಿಸಿದ ಮಣಿಗಳಂತೆ ಜೋಲುತ್ತಿದ್ದವು. ಆ ದಾರ ಬ್ಯಾಕ್ಟೀರಿಯಾ ಬಿಟ್ಟ ಅಂಟು ಕೊಳವೆ. ಕೊಲೀಮ ಎಂಬ ಕಪ್ಪು ಕಲ್ಲುಹೂವು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ; ಸತ್ವ ಕಡಿಮೆಯಿರುವ ಮರಳಿಗೆ ಇದು ದೊಡ್ಡ ಕೊಡುಗೆ. ಒಣಗಿದಾಗ ಈ ಹಕ್ಕಳೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅವಸರದಲ್ಲಿ ನಾನೂ ಒಮ್ಮೆ ಅಡ್ಡ ಹಾಯ್ದು ಹೋಗಿದ್ದೆ. ನಾಲ್ಕು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋದರೆ ನನ್ನ ಹೆಜ್ಜೆಗಳು ಹಾಗೇ ಇದ್ದವು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಕಲ್ಲುಹೂವು, ಹಾವಸೆ ಮತ್ತೆ ಪೂರ್ತಿ ಬೆಳೆಯಲು ದಶಕಗಳೇ ಬೇಕು, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು.

ಪ್ರಶ್ನೆ: ಆ ಮಣ್ಣೆಲ್ಲ ಅಡಿಯ ಬಂಡೆಯೇ ಸವೆದು ಆದದ್ದೇ?

ಉತ್ತರ: ಮರಳಿನ ಮಟ್ಟಿಗೆ ಬಹುಪಾಲು ಹೌದು. ಅಲ್ಲಿನ ನವಾಹೋ ಮರಳುಗಲ್ಲು ಜುರಾಸಿಕ್ ಕಾಲದ ಮರಳುದಿಬ್ಬಗಳೇ ಗಟ್ಟಿಯಾಗಿ ಆದದ್ದು, ಈಗ ಸವೆದು ಮತ್ತೆ ಮರಳಾಗುತ್ತಿದೆ. ಕಬ್ಬಿಣದ ತುಕ್ಕಿನ ತೆಳು ಲೇಪವೇ ಕೆಂಪು ಬಣ್ಣ. ಆದರೆ ಮಣ್ಣಿನಲ್ಲಿ ಸಿಗುವ ನುಣುಪು ಧೂಳಿನಲ್ಲಿ ಒಂದು ಭಾಗ ದೂರದಿಂದ ಗಾಳಿಯಲ್ಲಿ ಬಂದದ್ದು. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಕಣಗಳಿವೆ, ಸುತ್ತಲಿನ ಬಂಡೆಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಹುಲ್ಲಿಗೆ ಬೇಕಾದ ರಂಜಕ, ಪೊಟ್ಯಾಸಿಯಂ ತರುವುದೂ ಈ ಧೂಳೇ. ಗಾಳಿ ತಂದದ್ದನ್ನು ಹಿಡಿದಿಡುವುದು ಆ ಹಕ್ಕಳೆಯ ಒರಟು ಮೈ.

ಪ್ರಶ್ನೆ: ಹಾಗಾದರೆ ದನ ಮೇಯಿಸುವುದು ಪೂರ್ತಿ ತಪ್ಪೇ?

ಉತ್ತರ: ಹಾಗೆ ಹೇಳಲಾರೆ, ಯಾವಾಗ ಮತ್ತು ಎಷ್ಟು ಎಂಬುದು ಮುಖ್ಯ. ಇದೇ ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲಿ ವರ್ಜೀನಿಯಾ ಪಾರ್ಕ್ ಎಂಬ ಸಣ್ಣ ಹುಲ್ಲುಗಾವಲಿದೆ. ಸುತ್ತಲೂ ಕಲ್ಲಿನ ಕೋಟೆ, ದನ ಒಳಹೊಕ್ಕಿದ್ದೇ ಇಲ್ಲ. ಹಿಂದೆ ದನ ಮೇಯುತ್ತಿದ್ದ ಹತ್ತಿರದ ಚೆಸ್ಲರ್ ಪಾರ್ಕ್‌ನ ಪಕ್ಕಕ್ಕಿಟ್ಟು ನೋಡಿದರೆ ಹಕ್ಕಳೆಯ ವ್ಯತ್ಯಾಸ ಎದ್ದು ಕಾಣುತ್ತದೆ. ಮರಳು ನೆಲ ಹಸಿಯಿರುವ ಚಳಿಗಾಲದಲ್ಲಿ ಮೇಯಿಸಿದರೆ ಗೊರಸಿನ ಪೆಟ್ಟು ಕಡಿಮೆ. ವಸಂತದ ಒಣಗಾಳಿ ಶುರುವಾಗುವ ಮೊದಲೇ ದನ ಹೊರಗಿರಬೇಕು. ಜೇಡಿ ನೆಲದಲ್ಲಿ ಇದಕ್ಕೆ ವಿರುದ್ಧ, ಅಲ್ಲಿ ಹಸಿಯಿದ್ದಾಗಲೇ ಹೆಚ್ಚು ಕೆಡುತ್ತದೆ. ಹಿಡಿತವಿಲ್ಲದೆ ಮೇಯಿಸಿದ ಫಲ ಕೊಲರಾಡೋದ ಸ್ಯಾನ್ ವಾನ್ ಬೆಟ್ಟಗಳ ಕೆರೆಗಳ ತಳದಲ್ಲಿ ದಾಖಲಾಗಿದೆ: 19ನೇ ಶತಮಾನದಲ್ಲಿ ಪಶ್ಚಿಮಕ್ಕೆ ವಲಸೆ ಬಂದವರು ನೆಲೆಯೂರಿದ ಮೇಲೆ ಅಲ್ಲಿ ಬೀಳುವ ಧೂಳು ಸುಮಾರು ಐದು ಪಟ್ಟಾಯಿತು. ಮೇವಿನ ನೆಲಕ್ಕೆ ಕಡಿವಾಣ ಹಾಕಿದ ಟೇಲರ್ ಗ್ರೇಜಿಂಗ್ ಕಾಯ್ದೆ ಬಂದದ್ದು 1934ರಲ್ಲಿ. ಆಮೇಲೆ ಧೂಳು ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಈಗಲೂ ಕೆಲವು ವಸಂತಗಳಲ್ಲಿ ಆ ಬೆಟ್ಟಗಳ ಹಿಮ ಕೆಂಪಾಗಿ, ಬಿಸಿಲು ಹೀರಿ ವಾರಗಟ್ಟಲೆ ಮೊದಲೇ ಕರಗಿಹೋಗುತ್ತದೆ.